ಕತ್ತರಿ ಹಾಕಿದರಷ್ಟೇ ದ್ರಾಕ್ಷಿ



"ನರ್ಸರಿಯಿಂದ ದ್ರಾಕ್ಷಿ ಬಳ್ಳಿ ತಂದು ನೆಟ್ಟು ನಾಲ್ಕು ವರ್ಷವಾಯಿತು. ಗೇಟು, ಕಿಟಕಿಯ ಗ್ರಿಲ್ಲು, ಪಕ್ಕದ ಮನೆಯ ಗೋಡೆ ಎಲ್ಲ ಕಡೆ ಹಬ್ಬಿದೆ. ಹಣ್ಣು ಮಾತ್ರ ಒಂದು ಗೊಂಚಲೂ ಇಲ್ಲ." ಮನೆಯಂಗಳದಲ್ಲಿ ದ್ರಾಕ್ಷಿ ಬೆಳೆಸುವವರ ಸಾಮಾನ್ಯ ದೂರು ಇದು. ಕೊನೆಗೆ ಕಥೆಯ ನರಿಯಂತೆ 'ಈ ದ್ರಾಕ್ಷಿಯೇ ಹುಳಿ' ಎಂದುಕೊಂಡು ಬಳ್ಳಿಯ ಬುಡಕ್ಕೆ ಕೊಡಲಿ ಹಾಕುವವರೂ ಇದ್ದಾರೆ. ಬಳ್ಳಿಯ ತಪ್ಪೇನೂ ಇಲ್ಲ. ಅದಕ್ಕೆ ಬೇಕಾಗಿದ್ದದ್ದು ಕೊಡಲಿಯಲ್ಲ, ಸರಿಯಾದ ಹೊತ್ತಿಗೆ ಕತ್ತರಿ.

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರು ಈ ಕೆಲಸವನ್ನು 'ಚಾಟ್ನಿ' ಎನ್ನುತ್ತಾರೆ. ಮರಾಠಿಯಿಂದ ಬಂದ ಮಾತು. ಪುಣೆ, ಸೊಲ್ಲಾಪುರದಲ್ಲಿರುವ ನಮ್ಮ ಕೇಳುಗರಿಗೆ ಹೊಸದಲ್ಲ. ಅಲ್ಲಿನ ತೋಟಗಳಲ್ಲಿ ವರ್ಷಕ್ಕೆ ಎರಡು ಚಾಟ್ನಿ, ಒಂದು ಬೆಳೆ. ಹಣ್ಣು ಒಂದೇ ಸಲ ಬರುವಾಗ ಕತ್ತರಿ ಎರಡು ಸಲ ಏಕೆ?

ನಿದ್ರೆ ಬಾರದ ಬಳ್ಳಿ

ದ್ರಾಕ್ಷಿಯ ತವರು ಚಳಿಗಾಲವಿರುವ ದೇಶ. ಅಲ್ಲಿ ಚಳಿ ಬಂದೊಡನೆ ಎಲೆ ಉದುರಿಸಿ ಬಳ್ಳಿ ನಿದ್ರೆಗೆ ಜಾರುತ್ತದೆ, ವಸಂತದಲ್ಲಿ ಎದ್ದು ಚಿಗುರುತ್ತದೆ. ಪುಣೆ, ಹೈದರಾಬಾದಿನಲ್ಲಿ ಅಂಥ ಚಳಿ ಇಲ್ಲ. ಸುಮ್ಮನೆ ಬಿಟ್ಟರೆ ಬಳ್ಳಿ ವರ್ಷವಿಡೀ ಎಲೆ ಬಿಡುತ್ತಾ ಉದ್ದ ಬೆಳೆಯುತ್ತಲೇ ಹೋಗುತ್ತದೆ. ಇಲ್ಲಿ ಬಳ್ಳಿಗೆ ಋತು ಬದಲಾಯಿತೆಂದು ತಿಳಿಸುವುದು ಕತ್ತರಿ.

ಇನ್ನೊಂದು ಗುಟ್ಟೂ ಇದೆ. ಗೊಂಚಲು ಬರುವುದು ಹಳೆಯ ದಪ್ಪ ಕಾಂಡದಿಂದಲ್ಲ. ಈಚಿನ ತಿಂಗಳುಗಳಲ್ಲಿ ಬೆಳೆದು, ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯ ಕಣ್ಣುಗಳಿಂದ ಹೊಸ ಚಿಗುರು ಹೊರಡುತ್ತದೆ. ಗೊಂಚಲು ಆ ಚಿಗುರಿನಲ್ಲಿ ಬರುತ್ತದೆ. ಅದರ ಮೂಲರೂಪ ಮಾತ್ರ ತಿಂಗಳುಗಳ ಮೊದಲೇ ಕಣ್ಣಿನೊಳಗೆ ಸಿದ್ಧವಾಗಿರುತ್ತದೆ. ಆದ್ದರಿಂದ ಮನಸ್ಸಿಗೆ ಬಂದಾಗ ಬಳ್ಳಿ ಕತ್ತರಿಸಿದರೆ, ಕಣ್ಣಿಗೆ ಕಾಣದ ಫಸಲನ್ನೇ ಕತ್ತರಿಸಿದಂತಾಗಬಹುದು.

ಏಪ್ರಿಲ್ ಮತ್ತು ಅಕ್ಟೋಬರ್

ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ. ಹಣ್ಣು ಕೊಟ್ಟು ಮುಗಿದ ಕಡ್ಡಿಗಳನ್ನು ಬುಡದಲ್ಲಿ 1 ಅಥವಾ 2 ಕಣ್ಣು ಉಳಿಸಿ ಕತ್ತರಿಸಬೇಕು. ಬಳ್ಳಿ ಬೋಳಾಗಿ ಕಂಡರೂ ಹೆದರಬೇಡಿ, ಕೆಲವೇ ದಿನಗಳಲ್ಲಿ ಚಿಗುರುತ್ತದೆ. ಚಾಟ್ನಿಯಾದ ಸುಮಾರು 40ರಿಂದ 60 ದಿನಗಳ ನಡುವೆ ಹೊಸ ಕಡ್ಡಿಯ ಕಣ್ಣುಗಳಲ್ಲಿ ಗೊಂಚಲಿನ ಮೂಲರೂಪ ಮೂಡುತ್ತದೆ. ಆಗ ಕಡ್ಡಿಗೆ ಬಿಸಿಲು ಬೀಳಲೇಬೇಕು. ಒತ್ತೊತ್ತಾಗಿ ಬಂದ ಚಿಗುರುಗಳನ್ನು ಮೊದಲೇ ಕಿತ್ತು, ಕಡ್ಡಿಗಳ ನಡುವೆ ಒಂದು ಗೇಣು ಜಾಗ ಬಿಡಿ. ನೆರಳಿನಲ್ಲಿ ಬೆಳೆದ ಕಡ್ಡಿಯ ಕಣ್ಣಿನಲ್ಲಿ ಗೊಂಚಲಿಗೆ ಬದಲು ಬರೀ ಎಲೆಯೋ ಸುರುಳಿ ಕುಡಿಯೋ ಬರುತ್ತದೆ.

ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಇಲ್ಲಿ ಕಣ್ಣು ಎಣಿಸಿ ಕತ್ತರಿಸಬೇಕು, ಮತ್ತು ಎಣಿಕೆ ತಳಿಯಿಂದ ತಳಿಗೆ ಬೇರೆ. ಬೀಜವಿಲ್ಲದ ಥಾಮ್ಸನ್ ತಳಿಯಲ್ಲಿ ಹಣ್ಣಿನ ಕಣ್ಣು ಬುಡದಿಂದ ದೂರ ಇರುವುದರಿಂದ ಸುಮಾರು 8ರಿಂದ 10 ಕಣ್ಣು ಬಿಡುತ್ತಾರೆ. ಬೆಂಗಳೂರು ನೀಲಿಗೆ 3ರಿಂದ 5 ಸಾಕು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ನಮ್ಮೂರ ತಳಿ ಗಟ್ಟಿ ಜಾತಿಯದು, ಹೊಸದಾಗಿ ಕಲಿಯುವವರಿಗೆ ಒಳ್ಳೆಯದು. ಅಕ್ಟೋಬರಿನಲ್ಲಿ ಚಾಟ್ನಿಯಾದ ಬಳ್ಳಿ ಸುಮಾರು ನಾಲ್ಕು ತಿಂಗಳಿಗೆ, ಅಂದರೆ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಹಣ್ಣು ಕೊಡುತ್ತದೆ.

ಕತ್ತರಿ ಹರಿತವಾಗಿ, ಸ್ವಚ್ಛವಾಗಿ ಇರಲಿ. ಕಣ್ಣಿನಿಂದ ಒಂದು ಬೆರಳಿನಷ್ಟು ಮೇಲೆ ತುಸು ಓರೆಯಾಗಿ ಕತ್ತರಿಸಿ. ನೀರು ಕಣ್ಣಿನ ಕಡೆ ಹರಿಯಬಾರದು. ಕತ್ತರಿಸಿದಲ್ಲಿ ಕೆಲವೊಮ್ಮೆ ನೀರು ತೊಟ್ಟಿಕ್ಕುತ್ತದೆ. ಬಳ್ಳಿ ಅಳುತ್ತಿದೆ ಎಂದು ಗಾಬರಿ ಬೇಡ, ಅದು ತಾನಾಗಿ ನಿಲ್ಲುತ್ತದೆ. ಎಲ್ಲ ಕಣ್ಣು ಒಟ್ಟಿಗೆ ಒಡೆಯಲೆಂದು ತೋಟಗಳಲ್ಲಿ ಹಚ್ಚುವ ರಾಸಾಯನಿಕ ವಿಷಕಾರಿ. ಮನೆಯಲ್ಲಿ ಅದರ ಗೊಡವೆ ಬೇಡ.

ಊರಿಗೊಂದು ಪಂಚಾಂಗ

ಮೇಲೆ ಹೇಳಿದ್ದು ದಖ್ಖನ್ನಿನ ಲೆಕ್ಕ. ದೆಹಲಿಯಲ್ಲಿ ಚಳಿಯೇ ಬಳ್ಳಿಯನ್ನು ಮಲಗಿಸುವುದರಿಂದ ಜನವರಿಯಲ್ಲಿ ಒಂದೇ ಚಾಟ್ನಿ. ಬಳ್ಳಿ ಮಾರ್ಚ್ ಹೊತ್ತಿಗೆ ಚಿಗುರಿ, ಮಳೆಗೆ ಮುಂಚೆ ಜೂನ್ ಸುಮಾರಿಗೆ ಹಣ್ಣು ಕೊಡುತ್ತದೆ. ಅಲ್ಲಿಗೆ ಪರ್ಲೆಟ್‌ನಂಥ ಬೇಗ ಮಾಗುವ ತಳಿ ಸೂಕ್ತ.

ಚೆನ್ನೈಯಲ್ಲಿ ಅಕ್ಟೋಬರ್ ಎಂದರೆ ಈಶಾನ್ಯ ಮಾರುತದ ಮಳೆ. ಎಳೆ ಚಿಗುರಿಗೆ ಮಳೆ ಬಿದ್ದರೆ ಬೂಜು ರೋಗ ಖಂಡಿತ. ತಮಿಳುನಾಡಿನಲ್ಲಿ ಡಿಸೆಂಬರ್-ಜನವರಿಯಲ್ಲಿ ಒಮ್ಮೆ, ಮೇ-ಜೂನ್‌ನಲ್ಲಿ ಮತ್ತೊಮ್ಮೆ ಕತ್ತರಿಸಿ ಎರಡೂ ಸಲ ಬೆಳೆ ತೆಗೆಯುತ್ತಾರೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ ಇಂಥ ಆರೈಕೆಗೆ ಒಗ್ಗಿದ ತಳಿ. ಮುಂಬೈಯ ತೇವದ ಗಾಳಿ, ಜಡಿಮಳೆ ದ್ರಾಕ್ಷಿಗೆ ಕಷ್ಟ. ಅಲ್ಲಿ ಬಿಸಿಲು, ಗಾಳಿ ಚೆನ್ನಾಗಿರುವ ತಾರಸಿ ಇದ್ದರೆ ಮಾತ್ರ ಪ್ರಯತ್ನಿಸಿ. ಪುಣೆಯ ಮಾಂಜರಿಯಲ್ಲಿ 1997ರಲ್ಲಿ ಆರಂಭವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಹವಾಮಾನ ನೋಡಿ ಬೆಳೆಗಾರರಿಗೆ ಸಲಹೆ ಕೊಡುತ್ತದೆ. ಅದರ ಮೇಲೆ ಕಣ್ಣಿಟ್ಟರೆ ಮನೆಯವರಿಗೂ ಉಪಯೋಗ.

ಕಟ್ಟುವ ಕೆಲಸ

ಕತ್ತರಿಯಷ್ಟೇ ಮುಖ್ಯ ಕಟ್ಟುವುದು. ಮೊದಲ ವರ್ಷ ಒಂದೇ ಕಾಂಡವನ್ನು ಕೋಲಿಗೆ ಕಟ್ಟಿ ನೇರ ಮೇಲೇರಿಸಿ. ತಂತಿಗೆ ಒಂದು ಗೇಣು ಕೆಳಗೆ ತುದಿ ಚಿವುಟಿ. ಅಲ್ಲಿ ಕವಲೊಡೆದ ಎರಡು ಚಿಗುರುಗಳನ್ನು ತಂತಿಯ ಉದ್ದಕ್ಕೂ ಎಡಕ್ಕೊಂದು, ಬಲಕ್ಕೊಂದು ಹಾಯಿಸಿ. ಇವೇ ಬಳ್ಳಿಯ ತೋಳುಗಳು. ಮುಂದೆ ಹಣ್ಣಿನ ಕಡ್ಡಿಗಳೆಲ್ಲ ಇವುಗಳ ಮೇಲೆ ಬರುತ್ತವೆ.

ಕಡ್ಡಿಯನ್ನು ಅಡ್ಡಡ್ಡ ಕಟ್ಟುವುದು ಅಂದಕ್ಕಲ್ಲ. ನೆಟ್ಟಗೆ ನಿಂತ ಕಡ್ಡಿಯಲ್ಲಿ ತುದಿಯ ಕಣ್ಣುಗಳು ಮೊದಲು ಚಿಗುರಿ ಕೆಳಗಿನವನ್ನು ಅಡಗಿಸಿಬಿಡುತ್ತವೆ. ಮಲಗಿಸಿ ಕಟ್ಟಿದರೆ ಉದ್ದಕ್ಕೂ ಚಿಗುರು ಬರುತ್ತದೆ, ಎಲ್ಲಕ್ಕೂ ಬಿಸಿಲು ಸಿಗುತ್ತದೆ.

ಕಟ್ಟಲು ಬಾಳೆನಾರು, ಸೆಣಬಿನ ಹುರಿ ಅಥವಾ ಹಳೆಯ ಹತ್ತಿ ಸೀರೆಯ ಪಟ್ಟಿ ಸಾಕು. ಬರಿ ತಂತಿಯಿಂದ ಬಿಗಿದರೆ ಕಾಂಡ ದಪ್ಪವಾದಾಗ ಅದು ತೊಗಟೆಯೊಳಗೆ ಹೂತು ಬಳ್ಳಿಯ ಕತ್ತು ಹಿಸುಕುತ್ತದೆ. ತಂತಿಗೂ ಕಡ್ಡಿಗೂ ನಡುವೆ ಹುರಿ ಒಮ್ಮೆ ದಾಟಿ 8ರ ಆಕಾರ ಬರುವಂತೆ ಸಡಿಲವಾಗಿ ಕಟ್ಟಿ. ಹಸಿರು ಚಿಗುರು ಒಂದಡಿಗಿಂತ ಉದ್ದವಾಗುವವರೆಗೆ ಕಾಯಿರಿ. ಬೆಳಿಗ್ಗೆ ಚಿಗುರು ನೀರುಂಡು ಬಿರುಸಾಗಿರುತ್ತದೆ, ಬಗ್ಗಿಸಿದರೆ ಬುಡದಲ್ಲೇ ಟಕ್ಕೆಂದು ಮುರಿಯುತ್ತದೆ. ಮಧ್ಯಾಹ್ನದ ಮೇಲೆ ತುಸು ಬಾಡಿದಾಗ ಹೇಳಿದಂತೆ ಕೇಳುತ್ತದೆ.

ಅಕ್ಟೋಬರಿನಲ್ಲಿ ಕತ್ತರಿಸಿದ ಬಲಿತ ಕಡ್ಡಿಗಳನ್ನು ಎಸೆಯಬೇಡಿ. 4 ಕಣ್ಣಿನ ತುಂಡು ಮಾಡಿ, 2 ಕಣ್ಣು ಮಣ್ಣಿನೊಳಗೆ ಇರುವಂತೆ ಕುಂಡದಲ್ಲಿ ನೆಟ್ಟು ತೇವ ಆರದಂತೆ ನೋಡಿಕೊಳ್ಳಿ. ಸುಲಭವಾಗಿ ಬೇರು ಬಿಡುತ್ತವೆ. ಅಕ್ಕಪಕ್ಕದ ಮನೆಯವರಿಗೆ ಒಂದೊಂದು ಕೊಡಿ. ಕೊಡುವಾಗ ಕತ್ತರಿ ಹಿಡಿಯುವ ತಿಂಗಳನ್ನೂ ಹೇಳಿಕೊಡಿ.