ಟ್ರೌಟ್ ಮೀನಿಗೆ ಬೀವರ್ ಮಿತ್ರನೋ, ಶತ್ರುವೋ?

ಉತ್ತರ ಅಮೆರಿಕದ ಗಾಳಗಾರರ ನಡುವೆ ಒಂದು ಹಳೆಯ ಜಗಳವಿದೆ. ಬೀವರ್ ಎಂಬ ಪ್ರಾಣಿ ತೊರೆಗೆ ಅಡ್ಡಲಾಗಿ ಕಟ್ಟುವ ಒಡ್ಡು ಟ್ರೌಟ್ ಮೀನಿಗೆ ಒಳ್ಳೆಯದೋ, ಕೆಟ್ಟದ್ದೋ? ಒಡ್ಡಿನ ಹಿಂದಿನ ಕೊಳದಲ್ಲಿ ಕೊಬ್ಬಿದ ಟ್ರೌಟ್ ಹಿಡಿದು ಹಿಗ್ಗುವವರೂ ಇದ್ದಾರೆ. ಅದೇ ಒಡ್ಡನ್ನು ಒಡೆಯಬೇಕೆಂದು ಪಟ್ಟು ಹಿಡಿದವರೂ ಇದ್ದಾರೆ.

ಬೀವರ್ ನಮ್ಮ ನೀರುನಾಯಿಯಲ್ಲ. ಇಲಿ, ಅಳಿಲುಗಳ ಬಳಗಕ್ಕೆ ಸೇರಿದ, ಸುಮಾರು 20 ಕಿಲೋ ತೂಗುವ ಸಸ್ಯಾಹಾರಿ. ಹಲ್ಲಿನಿಂದಲೇ ಮರ ಉರುಳಿಸಿ, ಕೊಂಬೆ, ಕಲ್ಲು, ಕೆಸರು ಸೇರಿಸಿ ಒಡ್ಡು ಹಾಕುತ್ತದೆ. ನೀರು ಆಳವಾಗಿ ನಿಂತರೆ ಅದರ ಗೂಡಿನ ಬಾಗಿಲು ಶತ್ರುಗಳಿಗೆ ಎಟುಕುವುದಿಲ್ಲ. ಆ ಆಳವೇ ಟ್ರೌಟ್‌ಗೂ ಚಳಿಗಾಲದ ಆಸರೆ. ಮುಳುಗಿದ ಗಿಡಗಂಟಿಗಳಲ್ಲಿ ಕೀಟಗಳು ಹುಲುಸಾಗಿ ಬೆಳೆಯುವುದರಿಂದ ಮೇವಿಗೂ ಕೊರತೆಯಿಲ್ಲ.

ಈ ಕೀಟಗಳೇ ಗಾಳಗಾರನ ಬಂಡವಾಳ. 'ಫ್ಲೈ ಫಿಶಿಂಗ್'ನಲ್ಲಿ ಗಾಳಕ್ಕೆ ಎರೆಹುಳು ಚುಚ್ಚುವುದಿಲ್ಲ. ಗರಿ, ತುಪ್ಪಳ, ನೂಲುಗಳಿಂದ ಕೀಟದಂತೆ ಕಟ್ಟಿದ ಹುಸಿ ನೊಣವೇ ಆಮಿಷ. ಅದು ತೀರಾ ಹಗುರ. ದಪ್ಪ ದಾರವನ್ನು ಚಾಟಿಯಂತೆ ಬೀಸಿ, ದಾರದ ತೂಕದಿಂದಲೇ ಅದನ್ನು ದೂರಕ್ಕೆ ಒಯ್ಯಬೇಕು.

ಹರಿಯುವ ತೊರೆಯಲ್ಲಿ ಮೀನು ಒಂದೆಡೆ ನಿಂತು, ನೀರು ತಂದುಕೊಡುವ ಕೀಟಕ್ಕೆ ಕಾಯುತ್ತದೆ. ಕೊಳದಲ್ಲಿ ಮೀನೇ ಮೇವು ಹುಡುಕುತ್ತ ಸುತ್ತುತ್ತದೆ. ನಿಂತ ತಿಳಿನೀರಿನಲ್ಲಿ ಹುಸಿ ನೊಣವನ್ನು ಪರೀಕ್ಷಿಸಲು ಅದಕ್ಕೆ ಬೇಕಾದಷ್ಟು ಸಮಯ. ದಾರ ಧೊಪ್ಪನೆ ಬಿದ್ದರೆ, ನೆರಳು ಸುಳಿದರೆ, ಜೌಗು ದಂಡೆ ಹೆಜ್ಜೆಗೆ ಅದುರಿದರೆ ಮೀನು ಮಾಯ. ಬಲ್ಲವರು ಒಡ್ಡಿನ ಕೆಳಬದಿಯಲ್ಲಿ ಮೊಣಕಾಲೂರಿ ಮರೆಯಿಂದ ಗಾಳ ಬೀಸುತ್ತಾರೆ. ಬೇಸಿಗೆಯಲ್ಲಿ, ತೊರೆಯ ತಣ್ಣೀರು ಕೊಳ ಸೇರುವ ಬಾಯಿಯಲ್ಲಿ ಮೀನು ಹುಡುಕುತ್ತಾರೆ.

ಜಗಳದ ಮೂಲವೂ ಈ ಬೇಸಿಗೆಯೇ. ಟ್ರೌಟ್ ತಣ್ಣೀರಿನ ಮೀನು. ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಸಂಕಟ. ನಿಂತ ನೀರು ಕಾಯುತ್ತದೆ, ಮೊಟ್ಟೆಯಿಡುವ ಜಲ್ಲಿ ಹೂಳಿನಲ್ಲಿ ಮುಚ್ಚುತ್ತದೆ, ಒಡ್ಡು ಮೀನಿನ ದಾರಿ ತಡೆಯುತ್ತದೆ ಎಂಬುದು ಆಕ್ಷೇಪ. ವಿಸ್ಕಾನ್ಸಿನ್ ರಾಜ್ಯದ ಅನೇಕ ಟ್ರೌಟ್ ತೊರೆಗಳಲ್ಲಿ ಒಡ್ಡು ತೆಗೆಸುವ ಕೆಲಸ ದಶಕಗಳಿಂದ ನಡೆದಿದೆ.

ಪಶ್ಚಿಮದ ಒಣ ಸೀಮೆಯ ಕಥೆ ಬೇರೆ. ಆರೆಗಾನ್ ರಾಜ್ಯದ ಬ್ರಿಜ್ ಕ್ರೀಕ್ ತೊರೆಯಲ್ಲಿ ವಿಜ್ಞಾನಿಗಳೇ ಗೂಟ ನೆಟ್ಟು ಬೀವರ್‌ಗಳಿಗೆ ನೆರವಾದರು. ಸಮುದ್ರಕ್ಕೆ ಹೋಗಿ ಮರಳುವ ಸ್ಟೀಲ್‌ಹೆಡ್ ಟ್ರೌಟ್‌ನ ಮರಿಗಳ ಸಂಖ್ಯೆಯೂ, ಬದುಕುಳಿಯುವ ಪ್ರಮಾಣವೂ ಅಲ್ಲಿ ಹೆಚ್ಚಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಒಡ್ಡು ತಡೆದ ನೀರು ನೆಲಕ್ಕೆ ಇಂಗಿ, ಕೆಳಗೆ ತಣ್ಣಗೆ ಜಿನುಗುವುದೂ ಉಂಟು.

ಅಂದರೆ ತೀರ್ಪು ತೊರೆಯಿಂದ ತೊರೆಗೆ ಬೇರೆ. ಆದರೆ ಒಂದು ಮಾತು ಮರೆಯುವಂತಿಲ್ಲ. ಬೀವರ್ ಮತ್ತು ಟ್ರೌಟ್ ಸಾವಿರಾರು ವರ್ಷ ಜೊತೆಗೇ ಬಾಳಿದವು. ನಡುವೆ ಬಂದದ್ದು ಯೂರೋಪಿನ ಟೋಪಿ. ಬೀವರ್ ತುಪ್ಪಳದ ಟೋಪಿಗಾಗಿ, 1670ರಲ್ಲಿ ಸ್ಥಾಪನೆಯಾದ ಹಡ್ಸನ್ಸ್ ಬೇ ಕಂಪನಿಯೂ ಸೇರಿದಂತೆ ವ್ಯಾಪಾರಿಗಳು ನಡೆಸಿದ ವಹಿವಾಟಿನಿಂದ 19ನೇ ಶತಮಾನದ ಹೊತ್ತಿಗೆ ಎಷ್ಟೋ ತೊರೆಗಳು ಬೀವರ್ ಇಲ್ಲದೆ ಬರಿದಾದವು. ಮುಂದೆ 1948ರಲ್ಲಿ ಐಡಾಹೊ ರಾಜ್ಯ 76 ಬೀವರ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು, ವಿಮಾನದಿಂದ ಪ್ಯಾರಾಚೂಟ್ ಮೂಲಕ ಕಾಡಿಗೆ ಇಳಿಸಿತು!

ಕೊಳಕ್ಕೂ ಆಯುಸ್ಸುಂಟು. ಹೂಳು ತುಂಬಿದರೆ ಬೀವರ್ ಬೇರೆಡೆಗೆ ಹೋಗುತ್ತದೆ, ಕೊಳ ಹುಲ್ಲುಗಾವಲಾಗುತ್ತದೆ. ಹೋದ ವರ್ಷ ಮೀನು ಕೊಟ್ಟ ಕೊಳವನ್ನೇ ನೆಚ್ಚಿ ಬಂದ ಗಾಳಗಾರ, ಬೀವರ್ ಹೋದ ದಾರಿಯನ್ನೇ ಹುಡುಕಬೇಕಾಗುತ್ತದೆ.