ಅಹಿಂಸೆ ಮನೆತನದ ಪದ್ಧತಿಯೇ, ಎಲ್ಲರಿಗೂ ಒಂದೇ ಸತ್ಯವೇ?

"ಕತ್ತಲಾದ ಮೇಲೆ ಯಾಕೆ ಉಣ್ಣಬಾರದು?", "ಆಲೂಗಡ್ಡೆ ತಿಂದರೆ ಏನು ತಪ್ಪು?" ಎಂದು ಮಕ್ಕಳು ಕೇಳಿದಾಗ ಬಹಳಷ್ಟು ಜೈನ ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ನಮ್ಮಲ್ಲಿ ಆ ಪದ್ಧತಿ ಇಲ್ಲ." ಚಿಕ್ಕ ಮಕ್ಕಳಿಗೆ ಅಷ್ಟು ಸಾಕು. ಆದರೆ ಅದೇ ಮಗು ದೊಡ್ಡದಾಗಿ ಓದಿಗೋ ಕೆಲಸಕ್ಕೋ ಬೇರೆ ಊರಿಗೆ ಹೋದಾಗ ಹಾಸ್ಟೆಲಿನ ಸ್ನೇಹಿತರ ಪದ್ಧತಿ ಬೇರೆ ಇರುತ್ತದೆ. "ಅದು ಅವರದು, ಇದು ನಮ್ಮದು, ಎರಡೂ ಸರಿ" ಎಂದು ಹುಡುಗ ತಿಳಿದುಕೊಂಡರೆ ಅವನನ್ನು ದೂರುವಂತಿಲ್ಲ. ಮನೆಯಲ್ಲಿ ಹೇಳಿಕೊಟ್ಟದ್ದೇ ಅಷ್ಟು.

ಹಾಗಾದರೆ ಒಳ್ಳೆಯದು ಕೆಟ್ಟದ್ದು ಎಂಬುದು ಜನ ಸೇರಿ ಮಾಡಿಕೊಂಡ ಕಟ್ಟುಪಾಡೇ, ಅಥವಾ ಯಾರು ಒಪ್ಪಲಿ ಬಿಡಲಿ ನಿಲ್ಲುವ ಸತ್ಯವೇ? "ದೇವರು ಹೀಗೆ ಆಜ್ಞೆ ಮಾಡಿದ್ದಾನೆ" ಎಂಬ ಉತ್ತರ ಜೈನರಿಗೆ ಒದಗುವುದಿಲ್ಲ. ಜೈನ ಧರ್ಮದಲ್ಲಿ ಜಗತ್ತನ್ನು ಸೃಷ್ಟಿಸಿ ಆಜ್ಞೆ ಕೊಡುವ ದೇವರಿಲ್ಲ. ತೀರ್ಥಂಕರರು ಅಹಿಂಸೆಯನ್ನು ಕಾನೂನಿನಂತೆ ಜಾರಿಗೆ ತಂದವರಲ್ಲ, ಇದ್ದದ್ದನ್ನು ಕಂಡು ಹೇಳಿದವರು. ವಸ್ತುವಿನ ಸ್ವಭಾವವೇ ಧರ್ಮ ಎಂಬ ವ್ಯಾಖ್ಯೆ ಕಾರ್ತಿಕೇಯಾನುಪ್ರೇಕ್ಷೆಯಲ್ಲಿದೆ. ಬೆಂಕಿಗೆ ಬಿಸಿ ಹೇಗೋ ಜೀವಕ್ಕೆ ಚೈತನ್ಯ ಹಾಗೆ. ಪ್ರತಿ ಜೀವಕ್ಕೂ ಬದುಕು ಪ್ರಿಯ, ನೋವು ಬೇಡ. ಇದು ಜೈನರ ಅಭಿಪ್ರಾಯವಲ್ಲ. ಕಟುಕನ ಕೈಯಲ್ಲಿರುವ ಕುರಿಗೂ ಗೊತ್ತಿರುವ ವಿಷಯ. ಕರ್ಮಬಂಧವೂ ಹಾಗೆಯೇ. ವಿಷ ಕುಡಿದವನು ಯಾವ ಜಾತಿಯವನು, ಅವನಿಗೆ ಅದು ವಿಷವೆಂದು ಗೊತ್ತಿತ್ತೇ ಎಂದು ವಿಷ ವಿಚಾರಿಸುವುದಿಲ್ಲ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆಧಾರ ಒಂದೇ ಆದರೂ ನಿಯಮಗಳ ಪಟ್ಟಿ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಶ್ರಾವಕರ ಅಷ್ಟ ಮೂಲಗುಣಗಳನ್ನೇ ನೋಡಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಐದು ಅಣುವ್ರತಗಳ ಜೊತೆಗೆ ಮದ್ಯ, ಮಾಂಸ, ಮಧು ಇವುಗಳ ತ್ಯಾಗ ಸೇರಿ ಎಂಟು. ನಂತರದ ಕೆಲವು ಆಚಾರ್ಯರಲ್ಲಿ ಅಣುವ್ರತಗಳ ಜಾಗಕ್ಕೆ ಆಲ, ಅತ್ತಿ ಮೊದಲಾದ ಐದು ಉದುಂಬರ ಫಲಗಳ ತ್ಯಾಗ ಬಂದಿತು. ಗೃಹಸ್ಥರಿಗೆ ಕನಿಷ್ಠ ಎಷ್ಟು ಸಾಧ್ಯ ಎಂಬ ಲೆಕ್ಕ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಜೀವಕ್ಕೆ ನೋವು ಬೇಡ ಎಂಬುದು ಬದಲಾಗಿಲ್ಲ. ಬೇಲಿ ಎಲ್ಲಿ ಹಾಕಬೇಕು ಎಂಬುದರಲ್ಲಿ ಭೇದವಿದ್ದ ಮಾತ್ರಕ್ಕೆ ಒಳಗೆ ಹೊಲವೇ ಇಲ್ಲ ಎನ್ನಲಾಗದು.

ಅನೇಕಾಂತವಾದವನ್ನು ಮುಂದಿಟ್ಟು "ಎಲ್ಲರ ದೃಷ್ಟಿಯೂ ಸರಿ, ಹಾಗಾಗಿ ಪಾಪಪುಣ್ಯವೂ ಅವರವರ ದೃಷ್ಟಿ" ಎನ್ನುವವರು ಸಮಾಜದ ಒಳಗೂ ಇದ್ದಾರೆ. ವೇದಿಕೆಯ ಭಾಷಣಗಳಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಅನೇಕಾಂತ ಹೇಳುವುದು ಒಂದು ವಸ್ತುವಿಗೆ ಅನೇಕ ಮುಖಗಳಿವೆ, ಒಂದನ್ನೇ ಪೂರ್ಣವೆಂದು ಹಟ ಹಿಡಿಯಬಾರದು ಎಂದು. ಮುಖಗಳು ಅನೇಕ ಎಂದರೆ ವಸ್ತುವೇ ಇಲ್ಲ ಎಂದಲ್ಲ. ಸೋಮದೇವ ಸೂರಿಗಳು ಕೊಡುವ ಬೆಸ್ತ ಮತ್ತು ರೈತನ ಉದಾಹರಣೆ ಇದನ್ನು ಚೆನ್ನಾಗಿ ತಿಳಿಸುತ್ತದೆ. ಉಳುವಾಗ ರೈತನ ನೇಗಿಲಿಗೆ ಸಿಕ್ಕಿ ಎಷ್ಟೋ ಜೀವಗಳು ಸಾಯುತ್ತವೆ. ಬಲೆ ಹಿಡಿದು ಕುಳಿತ ಬೆಸ್ತನಿಗೆ ಆ ದಿನ ಒಂದು ಮೀನೂ ಸಿಕ್ಕಿಲ್ಲ. ಆದರೂ ಕೊಲ್ಲುವ ಸಂಕಲ್ಪದಿಂದ ಕುಳಿತ ಬೆಸ್ತನದೇ ಹೆಚ್ಚಿನ ಪಾಪ. ಭಾವವನ್ನು ಲೆಕ್ಕಕ್ಕೆ ತೆಗೆದುಕೊಂಡದ್ದರಿಂದ ತೀರ್ಪು ಸಡಿಲವಾಗಲಿಲ್ಲ, ಇನ್ನೂ ಬಿಗಿಯಾಯಿತು. ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರ ಹೇಳುವಾಗಲೂ ಭಾರ ಬೀಳುವುದು ಪ್ರಮಾದದ ಮೇಲೆ.

ಭಾವವೇ ಮುಖ್ಯವಾದರೆ ಪ್ರೀತಿಯೊಂದಿದ್ದರೆ ಸಾಕಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಎಲ್ಲ ನೀತಿಗೂ ಪ್ರೀತಿಯೇ ಬುನಾದಿ ಎಂದು ಅನೇಕ ಧರ್ಮಗಳವರು ಹೇಳುತ್ತಾರೆ, ಕೇಳಲು ಹಿತವಾಗಿಯೂ ಇದೆ. ಆದರೆ ಜೈನ ಶಾಸ್ತ್ರಗಳು ರಾಗವನ್ನು ದ್ವೇಷದ ಪಕ್ಕದಲ್ಲೇ ಕೂರಿಸುತ್ತವೆ. ಎರಡೂ ಬಂಧಕ್ಕೆ ಕಾರಣ. ಇದನ್ನು ಕೇಳಿದ ಹೊರಗಿನವರಿಗೆ ಜೈನ ಧರ್ಮ ಒಣ ಧರ್ಮ ಎನಿಸುವುದುಂಟು.

ಯಾಕೆ ಹಾಗೆ ಕೂರಿಸಿದರು ಎಂಬುದಕ್ಕೆ ಕನ್ನಡದಲ್ಲೇ ದೊಡ್ಡ ಉತ್ತರವಿದೆ. ಸೋಮದೇವ ಸೂರಿಗಳು 959ರಲ್ಲಿ ಸಂಸ್ಕೃತದ ಯಶಸ್ತಿಲಕದಲ್ಲಿ ಹೇಳಿದ ಕಥೆಯನ್ನು ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಕವಿ 1209ರಲ್ಲಿ ಯಶೋಧರ ಚರಿತೆಯಾಗಿ ಕನ್ನಡಕ್ಕೆ ತಂದನು. ಹೆಂಡತಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಣ್ಣಾರೆ ಕಂಡ ಯಶೋಧರ ಎತ್ತಿದ ಕತ್ತಿಯನ್ನು ಇಳಿಸುತ್ತಾನೆ. ಮರುದಿನ ತಾಯಿಗೆ ನಿಜ ಹೇಳಲಾಗದೆ ಕೆಟ್ಟ ಕನಸು ಕಂಡೆನೆಂದು ಹೇಳುತ್ತಾನೆ. ಮಗನಿಗೆ ಏನಾದರೂ ಆದೀತೆಂದು ತಾಯಿ ಚಂದ್ರಮತಿ ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ. ಅವನು ಒಪ್ಪುವುದಿಲ್ಲ. ತಾಯಿ ಬಿಡುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯನ್ನಾದರೂ ಕೊಡೋಣ ಎಂದು ರಾಜಿಯಾಗುತ್ತದೆ. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗಿತು. ಆ ಒಂದು ಸಂಕಲ್ಪಹಿಂಸೆಗೆ ತಾಯಿ ಮಗ ಇಬ್ಬರೂ ನಾಯಿಯಾಗಿ, ನವಿಲಾಗಿ, ಇನ್ನೂ ಏನೇನೋ ಆಗಿ ಜನ್ಮಜನ್ಮಾಂತರ ಅಲೆಯುತ್ತಾರೆ.

ಕಥೆ ಕೇಳಿದವರು ಸಾಮಾನ್ಯವಾಗಿ ಅಮೃತಮತಿಯನ್ನೇ ಬಯ್ಯುತ್ತಾರೆ. ಆದರೆ ಕತ್ತಿಯನ್ನು ಬಲಿಪೀಠದವರೆಗೆ ತಂದದ್ದು ತಾಯಿಯ ಪ್ರೀತಿ. ಚಂದ್ರಮತಿ ಕೆಟ್ಟವಳಲ್ಲ. ಮಗನ ಮೇಲಿನ ಆಸೆಯಲ್ಲಿ ಇನ್ನೊಂದು ಜೀವಕ್ಕೂ ಅದರದೇ ಪ್ರಾಣ ಪ್ರಿಯ ಎಂಬುದು ಅವಳಿಗೆ ಕಾಣಲಿಲ್ಲ. ಮಗನೂ ತಾಯಿಯ ಮನಸ್ಸು ನೋಯಬಾರದೆಂದು ತಲೆಬಾಗಿದನು. ಇಬ್ಬರ ಪ್ರೀತಿಯೂ ನಿಜ, ಇಬ್ಬರೂ ಕೆಟ್ಟರು. ನನ್ನವರು ಎಂಬಲ್ಲಿಂದ ಹೊರಡುವ ಪ್ರೀತಿ ನನ್ನವರ ಗಡಿಯಲ್ಲಿ ನಿಂತುಬಿಡುತ್ತದೆ. ಮಗಳ ಮದುವೆಗೆಂದು ಗಿರಾಕಿಗೆ ಮೋಸ ಮಾಡುವ ವ್ಯಾಪಾರಿಯ ಮನೆಯಲ್ಲೂ ಪ್ರೀತಿಗೆ ಕೊರತೆ ಇರುವುದಿಲ್ಲ.

ರಾಗದ ಜಾಗದಲ್ಲಿ ಶಾಸ್ತ್ರ ಇಡುವುದು ಮೈತ್ರಿಯನ್ನು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಾಲ್ಕು ಭಾವನೆಗಳಿವೆ: ಎಲ್ಲ ಜೀವಗಳಲ್ಲಿ ಮೈತ್ರಿ, ಗುಣವಂತರನ್ನು ಕಂಡಾಗ ಪ್ರಮೋದ, ಕಷ್ಟದಲ್ಲಿರುವವರ ಮೇಲೆ ಕಾರುಣ್ಯ, ಹೇಳಿದರೂ ತಿದ್ದಿಕೊಳ್ಳದವರ ಬಗ್ಗೆ ಮಾಧ್ಯಸ್ಥ್ಯ. ಮೈತ್ರಿ ಎಂದರೆ ಮತ್ತೊಂದು ಜೀವಕ್ಕೆ ದುಃಖವಾಗದಿರಲಿ ಎಂಬ ಬಯಕೆ. ಅದಕ್ಕೆ ಪರಿಚಯ ಬೇಡ, ಪ್ರತಿಫಲ ಬೇಡ, ಇಷ್ಟಪಡಲೂ ಬೇಕಾಗಿಲ್ಲ. ನಾಲ್ಕನೆಯದು ಬಹಳ ವ್ಯವಹಾರಜ್ಞಾನದ ಮಾತು. ಮಾತು ಕೇಳದ ದಾಯಾದಿಯನ್ನು ಪ್ರೀತಿಸು ಎಂದರೆ ಯಾರಿಂದಲೂ ಆಗುವುದಿಲ್ಲ. ದ್ವೇಷಿಸದೆ ಸುಮ್ಮನಿರು ಎಂದರೆ ಪ್ರಯತ್ನಪಟ್ಟವರಿಗೆ ಆಗುತ್ತದೆ. ಅಹಿಂಸೆಯ ಬುನಾದಿಯಲ್ಲಿ ಪ್ರೀತಿ ಇದೆ ಎನ್ನುವುದಾದರೆ ಆ ಪ್ರೀತಿ ಇಂಥದ್ದು.

ಈ ಮೈತ್ರಿ ಮನಸ್ಸಿನಲ್ಲೇ ಉಳಿದು ಹೋಗಬಾರದೆಂದು ಅದೇ ಅಧ್ಯಾಯ ಅತಿಚಾರಗಳನ್ನೂ ಎಣಿಸುತ್ತದೆ. ಅಚೌರ್ಯ ವ್ರತಕ್ಕೆ ಹೇಳಿದ ಐದರಲ್ಲಿ ಕದ್ದ ಮಾಲು ಕೊಳ್ಳುವುದಿದೆ, ತೂಕ ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದಿದೆ, ಅಸಲಿಗೆ ನಕಲಿ ಬೆರೆಸುವುದಿದೆ. ಕೊಳ್ಳುವವನು ಜೈನನೋ ಅಲ್ಲವೋ, ಅವನಿಗೆ ಗೊತ್ತಾಯಿತೋ ಇಲ್ಲವೋ ಎಂಬ ವಿನಾಯಿತಿ ಎಲ್ಲಿಯೂ ಇಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳು ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಶಕ್ತಿ ಮೀರಿ ಭಾರ ಹೊರಿಸುವುದು, ಅನ್ನ ನೀರು ತಡೆಯುವುದು. ಮೊದಲ ಮೂರನ್ನು ಓದಿ "ಇವು ಎತ್ತು ಕುದುರೆ ಕಟ್ಟಿದವರ ಕಾಲದ ಮಾತು" ಎಂದು ದಾಟಿಬಿಡುವುದು ಸುಲಭ. ಕೊನೆಯ ಎರಡನ್ನು ದಾಟುವುದು ಅಷ್ಟು ಸುಲಭವಲ್ಲ.

ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ಹತ್ತು ದಿನ ತತ್ತ್ವಾರ್ಥಸೂತ್ರ ಓದುವ ಬಸದಿಗಳಲ್ಲಿ ಈ ಅಧ್ಯಾಯ ಬರುವುದು ಏಳನೆಯ ದಿನ. ಆ ದಿನ ಉಪವಾಸವಿದ್ದು ಅರ್ಥ ಕೇಳಿ ಬಂದವರ ಅಂಗಡಿಯಲ್ಲಿ, ಹಬ್ಬದ ಗಿರಾಕಿ ಜಾಸ್ತಿ ಎಂದು ಕೆಲಸದ ಹುಡುಗನ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಹೋದರೆ, ಅದು ಎಣಿಕೆಗೆ ಬರುವುದು ಐದನೆಯ ಅತಿಚಾರವಾಗಿ. ಹುಡುಗ ಯಾವ ಮತದವನಾದರೂ ಲೆಕ್ಕ ಒಂದೇ.