ಬಾಜೀರಾಯನ ಆಯ್ಕೆ: ಅನನುಭವಿ ಎಂಬ ತಪ್ಪು ಕಲ್ಪನೆ

ಮರಾಠಾ ಪೇಶ್ವೆ ಬಾಳಾಜಿ ವಿಶ್ವನಾಥನು 1720ರ ಏಪ್ರಿಲ್‌ನಲ್ಲಿ ಪುಣೆ ಸಮೀಪದ ಸಾಸವಡದಲ್ಲಿ ತೀರಿಕೊಂಡಾಗ, ಛತ್ರಪತಿ ಶಾಹು ಆ ಪದವಿಗೆ ಆರಿಸಿದ್ದು ಮೃತನ ಹಿರಿಯ ಮಗ ಬಾಜೀರಾಯನನ್ನು. 1700ರ ಆಗಸ್ಟ್‌ನಲ್ಲಿ ಹುಟ್ಟಿದ ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಪೇಶ್ವೆ ಎಂದರೆ ರಾಜನ ಅಷ್ಟಪ್ರಧಾನರಲ್ಲಿ ಮೊದಲಿಗ. ಏನೂ ಅರಿಯದ ಹುಡುಗನನ್ನು ನಂಬಿ ರಾಜನು ಗೆದ್ದನೆಂಬ ಮಾತು ಇಂದಿಗೂ ಬಳಕೆಯಲ್ಲಿದ್ದು, ಎರಡನೆಯ ಸ್ಥಾನಕ್ಕೆ ಹೊಸಬರನ್ನು ಆರಿಸುವುದನ್ನು ಸಮರ್ಥಿಸಲು ಅದು ಒದಗುತ್ತದೆ. ಆದರೆ ಆ ಮಾತಿನಲ್ಲಿ ವಯಸ್ಸು ಮತ್ತು ಅನುಭವ ಎಂಬ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ.

ಬಾಜೀರಾಯನು ತಂದೆಯೊಡನೆ 1718–19ರ ದೆಹಲಿ ದಂಡಯಾತ್ರೆಗೆ ಹೋಗಿದ್ದನು. ಸಯ್ಯದ್ ಸೋದರರು ಫರೂಖ್‌ಸಿಯರ್ ಬಾದಷಹನನ್ನು ಪದಚ್ಯುತಗೊಳಿಸಿದ್ದನ್ನೂ, ದಖ್ಖನಿನ ಚೌತ್ (ಕಂದಾಯದ ನಾಲ್ಕನೆಯ ಒಂದು ಪಾಲು) ಮತ್ತು ಸರದೇಶಮುಖಿಯ (ಅದಲ್ಲದೆ ಕಂದಾಯದ ಹತ್ತನೆಯ ಒಂದು ಪಾಲು) ಸನ್ನದುಗಳು ಮರಾಠರಿಗೆ ದೊರೆತದ್ದನ್ನೂ ಆತನು ಹತ್ತಿರದಿಂದ ಕಂಡಿದ್ದನು. ಮೊಘಲ್ ಆಡಳಿತದ ಬುಡ ಸಡಿಲಗೊಂಡಿದೆಯೆಂಬ ಅರಿವು ಆತನಿಗೆ ಪುಸ್ತಕದಿಂದ ಬಂದದ್ದಲ್ಲ. ಇದರ ಜೊತೆಗೆ, ಸಾಸವಡದ ಪುರಂದರೆ ಮನೆತನದ ಅಂಬಾಜಿಪಂತನು ಪೇಶ್ವೆಯ ಮುತಾಲಿಕನಾಗಿ, ಅಂದರೆ ಪೇಶ್ವೆಯ ಪರವಾಗಿ ವ್ಯವಹಾರ ನಡೆಸುವ ಸಹಾಯಕನಾಗಿ, ಬೆಂಬಲಕ್ಕಿದ್ದನು. ತರುಣನೊಬ್ಬನ ಕೈಗೆ ಅಧಿಕಾರ ಕೊಡುವಾಗ ಆತನ ಬಳಿ ಯಾರಿದ್ದಾರೆ ಎಂಬುದೂ ಆಯ್ಕೆಯ ಭಾಗವೇ ಆಗಿತ್ತು.

ತಂದೆಯ ಪದವಿ ಮಗನಿಗೆ ತಾನಾಗಿ ಬಂದಿತೆಂಬುದು ಇನ್ನೊಂದು ತಪ್ಪು ಕಲ್ಪನೆ. ಪಿಂಗಳೆ ಮನೆತನದ ಬಹಿರೋಪಂತನಿಂದ ಅದು ಬಾಳಾಜಿಗೆ ಬಂದದ್ದೇ 1713ರಲ್ಲಿ, ಮತ್ತು 1720ರಲ್ಲಿ ಪ್ರತಿನಿಧಿ ಪದವಿಯಲ್ಲಿದ್ದ ಶ್ರೀಪತರಾವ್‌ನಂಥ ಹಿರಿಯರು ಬಾಜೀರಾಯನನ್ನು ಒಪ್ಪಿರಲಿಲ್ಲ. ಆ ಭಿನ್ನಾಭಿಪ್ರಾಯ ಆಯ್ಕೆಯೊಡನೆ ಮುಗಿಯಲಿಲ್ಲ: 1728ರಲ್ಲಿ ಪಾಲಖೇಡದಲ್ಲಿ ನಿಜಾಮನನ್ನು ಮಣಿಸಿದ ಬಾಜೀರಾಯನು 1731ರಲ್ಲಿ ಡಭೋಯಿಯಲ್ಲಿ ಸ್ವಪಕ್ಷದ ಸೇನಾಪತಿ ತ್ರ್ಯಂಬಕರಾವ್ ದಾಭಾಡೆಯೊಡನೆಯೇ ಯುದ್ಧಕ್ಕಿಳಿಯಬೇಕಾಯಿತು, ಸೇನಾಪತಿ ಅಲ್ಲಿ ಮಡಿದನು.

ಅಮೆರಿಕದಲ್ಲಿ ಅಧ್ಯಕ್ಷ ಅಭ್ಯರ್ಥಿಯು ತನ್ನೊಡನೆ ಕಣಕ್ಕಿಳಿಯುವ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸುವಾಗ ಕೇಳಿಬರುವ ವಾದವೂ ವಯಸ್ಸು ಮತ್ತು ಅನುಭವವನ್ನು ಬೆರೆಸುವ ಇದೇ ಗೊಂದಲದಲ್ಲಿ ಸಿಲುಕುತ್ತದೆ. ಪೇಶ್ವೆಯು ರಾಜನ ಉತ್ತರಾಧಿಕಾರಿಯಲ್ಲ, ಅಲ್ಲಿನ ಉಪಾಧ್ಯಕ್ಷರಾದರೋ ಅಧ್ಯಕ್ಷರು ತೀರಿಕೊಂಡೊಡನೆ ಅಧಿಕಾರ ಹಿಡಿಯಬೇಕು. 2008ರಲ್ಲಿ ಜಾನ್ ಮೆಕೇನ್ ಆರಿಸಿದ ಸಾರಾ ಪೇಲಿನ್ ಅಲಾಸ್ಕಾದ ಗವರ್ನರ್ ಆಗಿ ಎರಡು ವರ್ಷ ತುಂಬಿರಲಿಲ್ಲವೆಂಬ ಆಕ್ಷೇಪ ಸಹಜವೇ ಆಗಿತ್ತು. ಆದರೆ ಬರಿಯ ವರ್ಷಗಳ ಲೆಕ್ಕವೂ ಸಾಲದು. ಹತ್ತು ವರ್ಷ ಸೆನೆಟರ್ ಆಗಿದ್ದ ಹ್ಯಾರಿ ಟ್ರೂಮನ್ 1945ರಲ್ಲಿ 82 ದಿನ ಉಪಾಧ್ಯಕ್ಷರಾಗಿದ್ದು ಅಧ್ಯಕ್ಷರಾದರೂ, ಅಣುಬಾಂಬ್ ಯೋಜನೆಯ ವಿವರಗಳು ಅವರಿಗೆ ತಿಳಿದದ್ದು ಆ ಬಳಿಕವೇ. ಪದವಿಯಿಲ್ಲದೆಯೇ ರಾಜ್ಯದ ಒಳವ್ಯವಹಾರ ಕಂಡಿದ್ದ ಬಾಜೀರಾಯನು ಈ ಅರ್ಥದಲ್ಲಿ ಅವರಿಗಿಂತ ಹೆಚ್ಚು ಸಿದ್ಧನಾಗಿದ್ದನು. ಭಾರತದಲ್ಲಿ ಉಪರಾಷ್ಟ್ರಪತಿಯನ್ನು ಸಂಸತ್ ಸದಸ್ಯರು ಪ್ರತ್ಯೇಕವಾಗಿ ಚುನಾಯಿಸುವುದರಿಂದ ಇಂಥ ಜೋಡಿ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ.

ನಿಜವಾದ ಅನನುಭವದ ನಿದರ್ಶನ ಸಾಸವಡಕ್ಕೆ ಹತ್ತಿರದ ಪುರಂದರ ಕೋಟೆಯಲ್ಲಿದೆ. ಅಲ್ಲಿ 1774ರ ಏಪ್ರಿಲ್‌ನಲ್ಲಿ ಹುಟ್ಟಿದ ಸವಾಯಿ ಮಾಧವರಾವ್ ನಲವತ್ತು ದಿನದ ಕೂಸಾಗಿದ್ದಾಗಲೇ ಪೇಶ್ವೆಯಾದನು. ಆಡಳಿತವನ್ನು ‘ಬಾರಭಾಯಿ’ ಎಂಬ ಮುತ್ಸದ್ದಿಗಳ ಕೂಟವೂ, ಕ್ರಮೇಣ ನಾನಾ ಫಡ್ನವೀಸನೂ ನಡೆಸಿದರು, ಮತ್ತು ಪೇಶ್ವೆಯು 1795ರಲ್ಲಿ ತೀರಿಕೊಳ್ಳುವವರೆಗೂ ನಿಜವಾದ ಅಧಿಕಾರ ನಾನಾನ ಕೈಯಲ್ಲೇ ಉಳಿಯಿತು.